2 ಎಕರೆ 20 ಗುಂಟೆ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?

ಹೊಸ ವೆಬ್ ಆ್ಯಪ್ ಒಂದನ್ನು ಕ್ಲೌಡ್‌ಗೆ ಏರಿಸಿದ ದಿನ ಅದು ಖಾಲಿ ಬಾಡಿಗೆ ಮನೆ ಇದ್ದ ಹಾಗೆ. ಗೋಡೆ ಇದೆ, ಬಾಗಿಲಿದೆ, ಕರೆಂಟೂ ಬಂದಿದೆ. ಒಳಗೆ ಒಂದು ಚೊಂಬೂ ಇಲ್ಲ. ಸಾಮಾನು ತಂದು ಜೋಡಿಸಬೇಕು. ಅದಕ್ಕೆ ನಾವು ಇನಿಷಿಯಲ್ ಡೇಟಾ ಲೋಡ್ ಅಂತೀವಿ. ಪ್ಲಾನ್‌ನಲ್ಲಿ ಇದಕ್ಕೆ ಎರಡು ದಿನ ಅಂತ ಬರೆದಿರ್ತಾರೆ. ಎರಡು ತಿಂಗಳು ಹಿಡಿದರೂ ಆಶ್ಚರ್ಯ ಇಲ್ಲ. ಯಾಕೆ ಅನ್ನೋದೇ ಈ ಸಲದ ಮಾತು.

ಬೇಲೂರು ಕಡೆಯ ಒಂದು ಸಹಕಾರ ಸಂಘದ ಸದಸ್ಯರ ವಿವರವನ್ನು ಕ್ಲೌಡ್‌ಗೆ ಹಾಕಿಕೊಡೋ ಕೆಲಸಕ್ಕೆ ಗೆಳೆಯರ ಜೊತೆ ಹೋಗಿದ್ದೆ. ಕೈಗೆ ಸಿಕ್ಕಿದ್ದು ಒಂದು ಎಕ್ಸೆಲ್ ಫೈಲು, ಹಿಂದೆ ಯಾರೋ ಲೆಡ್ಜರ್ ನೋಡಿ ಟೈಪ್ ಮಾಡಿದ್ದು. ಸರ್ವೆ ನಂಬರ್ ಕಾಲಂ ನೋಡಿದರೆ ತಾರೀಖುಗಳು! 12/3 ಅಂತ ಟೈಪ್ ಮಾಡಿದ್ದನ್ನು ಎಕ್ಸೆಲ್ ತಾನೇ ದಿನಾಂಕ ಅಂದುಕೊಂಡು ಬದಲಾಯಿಸಿಬಿಟ್ಟಿತ್ತು.

ಇದಾದರೂ ಕಣ್ಣಿಗೆ ಕಾಣುತ್ತೆ. ಕಾಣದೇ ಇರೋದು ವಿಸ್ತೀರ್ಣದ ಕಾಲಂ. ನಮ್ಮ ಕಡೆ 2.20 ಅಂದ್ರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ. ಕಂಪ್ಯೂಟರ್ ಅದನ್ನು ದಶಮಾಂಶ ಅಂತ ಓದುತ್ತೆ. ಆಗ ಅದು 2 ಎಕರೆ 8 ಗುಂಟೆ. 12 ಗುಂಟೆ ಮಾಯ! ಎರರ್ ಮೆಸೇಜ್ ಇಲ್ಲ, ಕೆಂಪು ಗೆರೆ ಇಲ್ಲ. ಬೆಳೆ ಸಾಲದ ಮಿತಿ ಲೆಕ್ಕ ಹಾಕೋದು ಎಕರೆ ಮೇಲೆ. ಒಬ್ಬ ಅಜ್ಜಿಗೆ ಮುಂದಿನ ಮುಂಗಾರಲ್ಲಿ ಸಾಲ ಕಮ್ಮಿ ಬಂದರೆ, ಕಾರಣ ಹುಡುಕೋದು ಯಾರು? ‘ಕಂಪ್ಯೂಟರಲ್ಲಿ ಹಂಗೇ ಇದೆಯಲ್ಲವ್ವಾ’ ಅಂದರೆ ಮುಗೀತು. ಅದಕ್ಕೆ ಎಕರೆಗೊಂದು, ಗುಂಟೆಗೊಂದು ಬೇರೆ ಬೇರೆ ಕಾಲಂ ಮಾಡಿ, ಲೆಡ್ಜರ್ ಪಕ್ಕಕ್ಕಿಟ್ಟುಕೊಂಡು ಸಾಲು ಸಾಲೂ ತುಂಬಿಸಿದೆವು.

ಆಮೇಲೆ ಹೆಸರು. ಒಂದೇ ಊರಲ್ಲಿ ಮೂವರು ‘ರಾಮೇಗೌಡ ಬಿನ್ ಕಾಳೇಗೌಡ’. ಡೂಪ್ಲಿಕೇಟ್ ತೆಗೆಯೋ ಪ್ರೋಗ್ರಾಂ ಓಡಿಸಿದ್ದರೆ ಇಬ್ಬರು ರೈತರೇ ಅಳಿಸಿಹೋಗ್ತಿದ್ರು. ಸಂಘದ ಹಳೇ ಗುಮಾಸ್ತರು ಪಟ್ಟಿ ಮೇಲೆ ಬೆರಳಿಟ್ಟು, “ಇವ್ನು ಕೆರೆ ಏರಿ ರಾಮ, ಇವ್ನು ತೋಟದ ಮನೆಯವ್ನು, ಇನ್ನೊಬ್ಬ ಈಗ ಹಾಸನದಲ್ಲವ್ನೆ ಕಣಪ್ಪ” ಅಂದರು. ಆ ಮಾಹಿತಿ ಯಾವ ಫೈಲಿನಲ್ಲೂ ಇರಲಿಲ್ಲ.

ಇದೇ ಕೆಲಸವನ್ನು ಇಡೀ ರಾಜ್ಯಕ್ಕೆ ಮಾಡಿದ್ದು ‘ಭೂಮಿ’ ಯೋಜನೆ. 2000ನೇ ಇಸವಿಯ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಹತ್ತಿರ ಹತ್ತಿರ 2 ಕೋಟಿ ಪಹಣಿ ದಾಖಲೆಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ತಂದರು. ಆಗ ಕ್ಲೌಡ್ ಇರಲಿಲ್ಲ, ತಾಲ್ಲೂಕಿಗೊಂದು ಕಂಪ್ಯೂಟರ್ ಕೇಂದ್ರ. ಆದರೆ ಅವರು ಎದುರಿಸಿದ ತೊಂದರೆ ಇವತ್ತಿನದ್ದೇ.

ಅದಕ್ಕೆ ಮುಂಚೆಯೂ ಪಹಣಿಗಳನ್ನು ಕಂಪ್ಯೂಟರಿಗೆ ಹಾಕೋ ಪ್ರಯತ್ನ ಆಗಿತ್ತು. ಆದರೆ ಖಾತೆ ಬದಲಾವಣೆ ಪುಸ್ತಕದಲ್ಲೇ ನಡೀತಾ ಇದ್ದಿದ್ದರಿಂದ ತುಂಬಿಸಿದ ಡೇಟಾ ಹಳೇದಾಗಿ ಕೂತಿತು. ‘ಭೂಮಿ’ಯಲ್ಲಿ ಎರಡು ವಿಷಯ ಗಟ್ಟಿ ಮಾಡಿಕೊಂಡರು. ಒಂದು, ಟೈಪ್ ಆದದ್ದನ್ನು ಪ್ರಿಂಟ್ ತೆಗೆದು, ಊರು ಗೊತ್ತಿದ್ದ ಗ್ರಾಮ ಲೆಕ್ಕಿಗರಿಂದ ಮೂಲದ ಜೊತೆ ತಾಳೆ ನೋಡಿಸಿದರು. ಇನ್ನೊಂದು, ಕೇಂದ್ರ ಶುರುವಾದ ಮೇಲೆ ಆ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂದರು. ಹಳೇ ಪುಸ್ತಕ ಮುಚ್ಚದೆ ಹೊಸದು ತೆರೆದರೆ ಎರಡು ಸತ್ಯ ಹುಟ್ಟಿಕೊಳ್ಳುತ್ತೆ, ನೋಡಿ.

ಜಮೀನಿನ ದಾಖಲೆ ಅನ್ನೋದು ನಮ್ಮ ತಾಲ್ಲೂಕಿಗೆ ಹೊಸದೂ ಅಲ್ಲ ಬಿಡಿ. ಹಲ್ಮಿಡಿ ಇರೋದು ಇಲ್ಲೇ. ಸುಮಾರು ಕ್ರಿ.ಶ. 450ರದ್ದೆನ್ನುವ ಆ ಶಾಸನ ಹೇಳೋದೂ ಊರುಗಳನ್ನು ದತ್ತಿ ಕೊಟ್ಟ ವಿಚಾರ. ಇದನ್ನು ಅಳಿಸಿದವನಿಗೆ ಮಹಾಪಾಪ ಅನ್ನೋ ಎಚ್ಚರಿಕೆಯೂ ಅದರಲ್ಲಿದೆ. ಆಗಿನ ಕಾಲದ ಡಿಲೀಟ್ ಪರ್ಮಿಷನ್ ಅಷ್ಟು ಬಿಗಿ!

ನೀವೂ ಅಂಗಡಿಗೋ, ಅಪಾರ್ಟ್‌ಮೆಂಟ್ ಸಂಘಕ್ಕೋ, ಸ್ಟಾರ್ಟಪ್‌ಗೋ ಡೇಟಾ ಏರಿಸ್ತಾ ಇದ್ದರೆ ಇಷ್ಟು ನೆನಪಿಡಿ.

ಮೂಲ ಫೈಲನ್ನು ಮುಟ್ಟಬೇಡಿ, ನಕಲಿನ ಮೇಲೆ ಕೆಲಸ ಮಾಡಿ. ಊರಿನ ನೆಟ್ ನಂಬಿ ಸಾವಿರಾರು ಸಾಲನ್ನು ನೇರ ಡೇಟಾಬೇಸ್‌ಗೆ ತಳ್ಳಬೇಡಿ. ಫೈಲನ್ನು ಮೊದಲು ಕ್ಲೌಡ್ ಸ್ಟೋರೇಜ್‌ಗೆ ಹಾಕಿ, ಅಲ್ಲಿಂದ ಒಂದು ತಾತ್ಕಾಲಿಕ ಟೇಬಲ್‌ಗೆ ಇಳಿಸಿ. ಅಲ್ಲಿ ಎಲ್ಲಾ ಸರಿ ಇದ್ದರೆ ಮಾತ್ರ ಅಸಲಿ ಟೇಬಲ್‌ಗೆ. ಪ್ರತಿ ಸಾಲಿಗೂ ಒಂದು ಸಂಖ್ಯೆ ಕೊಡಿ. ಹೆಸರನ್ನು ಗುರುತು ಮಾಡಿಕೊಳ್ಳಬೇಡಿ. ಅದೇ ಫೈಲನ್ನು ಎರಡು ಸಲ ಓಡಿಸಿದರೂ ಸಾಲು ಎರಡಾಗಬಾರದು. ಹಳೇ ನುಡಿ ಫೈಲುಗಳಿದ್ದರೆ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ. ಕೊನೆಗೆ ಲೆಡ್ಜರಿನ ಮೊತ್ತ, ಕ್ಲೌಡಿನ ಮೊತ್ತ ಎರಡೂ ಒಂದೇನಾ ಅಂತ ಕೂಡಿ ನೋಡಿ. ಮೊತ್ತ ಸರಿಬಂದರೂ ಒಬ್ಬರ ಗುಂಟೆ ಇನ್ನೊಬ್ಬರ ಹೆಸರಿಗೆ ಸೇರಿರಬಹುದು. ಅದನ್ನು ಹಿಡಿಯೋದು ಆ ಗುಮಾಸ್ತರಂಥವರೇ. ಅವರ ಸಮಯವನ್ನೂ ಪ್ಲಾನ್‌ನಲ್ಲಿ ಬರೆಯಿರಿ, ಕಾಫಿ ಖರ್ಚಿನ ಸಮೇತ.

ಇನ್ನೊಂದು ಕೆಲಸ ನಿಮ್ಮ ಮನೆಗೇ ಸೇರಿದ್ದು. ಈಗ ಪಹಣಿ ಫೋನಿನಲ್ಲೇ ನೋಡಬಹುದು. ಈ ಶನಿವಾರ ‘ಭೂಮಿ’ ತಾಣದಲ್ಲಿ ನಿಮ್ಮ ಜಮೀನಿನ ಪಹಣಿ ತೆರೆದು, ಹೆಸರಿನ ಅಕ್ಷರ, ಸರ್ವೆ ನಂಬರ್, ಎಕರೆ-ಗುಂಟೆ ಓದಿ ಅಪ್ಪನಿಗೋ ಅಜ್ಜನಿಗೋ ಹೇಳಿ. ತಪ್ಪು ಕಂಡರೆ ತಿದ್ದುಪಡಿಗೆ ಅರ್ಜಿ ಹಾಕಬಹುದು. ಆದರೆ ಯಾವುದು ಸರಿ ಅಂತ ಹೇಳೋರು ಬೇಕಲ್ಲ? ಅವರಿಗೆ ಈಗ ಎಪ್ಪತ್ತು ದಾಟಿರುತ್ತೆ. ಫೋನ್ ಮಾಡಿ.