ಅಮೂರ್ತ ಬೀಜಗಣಿತವು ನಿಷ್ಫಲವೇ?

ಮಂಗಳೂರಿನ ಕಾಲೇಜುಗಳಲ್ಲಿ ಗಣಿತವನ್ನು ವಿಶೇಷವಾಗಿ ಅಭ್ಯಸಿಸುವವರಿಗೆ ಗ್ರೂಪ್, ರಿಂಗ್, ಫೀಲ್ಡ್ ಎಂಬ ಮೂರು ಪದಾರ್ಥಗಳನ್ನು ಬೋಧಿಸುವುದುಂಟು. ಈ ವಿಷಯದಲ್ಲಿ ವಿದ್ಯಾವಂತರಿಂದಲೇ ಮೂರು ಆಕ್ಷೇಪಗಳು ಕೇಳಿಬರುತ್ತವೆ. ಇದು ಲೋಕಕ್ಕೆ ನಿರುಪಯೋಗಿಯೆಂಬುದು ಒಂದು. ಇದೆಲ್ಲವೂ ಪ್ರಾಚೀನರಿಗೆ ತಿಳಿದೇ ಇದ್ದಿತೆಂಬುದು ಎರಡು. ಇದನ್ನು ಕನ್ನಡದಲ್ಲಿ ಹೇಳಲು ಬಾರದೆಂಬುದು ಮೂರು. ಈ ಮೂರೂ ವಿಚಾರಕ್ಕೆ ನಿಲ್ಲತಕ್ಕವಲ್ಲ.

ಮೊದಲು ಪದಾರ್ಥನಿರ್ಣಯವಾಗಲಿ. ಅದಕ್ಕೆ ಮನೆಯ ಪಂಚಾಂಗವೇ ಸಾಕು. ಆದಿತ್ಯವಾರವನ್ನು ಸೊನ್ನೆಯೆಂದು ಹಿಡಿದರೆ ಶುಕ್ರವಾರವು ೫, ಶನಿವಾರವು ೬. ೫ಕ್ಕೆ ೪ ಕೂಡಿದರೆ ೯. ಏಳನ್ನು ಕಳೆದರೆ ೨. ಶುಕ್ರವಾರ ಕಳೆದು ನಾಲ್ಕು ದಿನಕ್ಕೆ ಮಂಗಳವಾರವೆಂದು ಮಕ್ಕಳೂ ಬಲ್ಲರು. ಹೀಗೆ ಎಷ್ಟು ಕೂಡಿದರೂ ಫಲವು ಆ ಏಳರೊಳಗೇ ಉಳಿಯುವುದು. ಮೂರನ್ನು ಕೂಡುವಾಗ ಮೊದಲಿನ ಜೋಡಿಯನ್ನು ಮುಂಚೆ ಕೂಡಿದರೂ ಕೊನೆಯ ಜೋಡಿಯನ್ನು ಮುಂಚೆ ಕೂಡಿದರೂ ಫಲವೊಂದೇ. ಕೂಡಿದರೂ ಏನನ್ನೂ ಬದಲಿಸದ ಸೊನ್ನೆಯುಂಟು. ಪ್ರತಿಯೊಂದಕ್ಕೂ ಅದರೊಡನೆ ಕೂಡಿ ಸೊನ್ನೆಯಾಗುವ ಪ್ರತಿಯೋಗಿಯುಂಟು. ಈ ನಾಲ್ಕು ಲಕ್ಷಣಗಳುಳ್ಳುದೇ ಗ್ರೂಪು, ಅದನ್ನು ಸಂಕುಲವೆನ್ನಬಹುದು. ಸಂಕಲನದಲ್ಲಿ ಹಿಂದುಮುಂದಿನ ಭೇದವಿಲ್ಲದೆ, ಗುಣಾಕಾರವೂ ಸೇರಿ, ಅದು ಸಂಕಲನದೊಡನೆ ಹೊಂದಿಕೊಂಡರೆ ರಿಂಗು, ಎಂದರೆ ವಲಯ. ಗುಣಾಕಾರದಲ್ಲಿಯೂ ಹಿಂದುಮುಂದಿನ ಭೇದವಿಲ್ಲದೆ, ಸೊನ್ನೆಯೊಂದರ ಹೊರತು ಎಲ್ಲದರಿಂದಲೂ ಭಾಗಿಸಲು ಬಂದರೆ ಫೀಲ್ಡು, ಎಂದರೆ ಕ್ಷೇತ್ರ.

ವಾರದ ಏಳು ಸಂಖ್ಯೆಗಳು ಕ್ಷೇತ್ರವೇ ಸರಿ: ೨ಕ್ಕೆ ೪, ೩ಕ್ಕೆ ೫, ೬ಕ್ಕೆ ೬ ಗುಣಿಸಿದರೆ ಏಳೇಳನ್ನು ಕಳೆದು ಉಳಿಯುವುದು ೧. ಆದರೆ ರಾಶಿಗಳು ಹನ್ನೆರಡು. ಅಲ್ಲಿ ೩ನ್ನು ೪ರಿಂದ ಗುಣಿಸಿದರೆ ೧೨, ಎಂದರೆ ಸೊನ್ನೆ. ಸೊನ್ನೆಯಲ್ಲದ ಎರಡು ಗುಣಿಸಿ ಸೊನ್ನೆಯಾದ ಮೇಲೆ ಅವುಗಳಿಂದ ಭಾಗಿಸುವುದೆಂತು? ಆದುದರಿಂದ ಅದು ವಲಯವೇ ಹೊರತು ಕ್ಷೇತ್ರವಲ್ಲ. ಏಳು ಅವಿಭಾಜ್ಯ, ಹನ್ನೆರಡು ವಿಭಾಜ್ಯ. ಭೇದದ ಮೂಲವು ಇಷ್ಟೇ.

ನಿರುಪಯೋಗಿಯೆನ್ನುವ ಮಹಾಶಯರು ತಮ್ಮ ಆಧಾರ್ ಚೀಟಿಯನ್ನು ತೆಗೆದು ನೋಡಲಿ. ಅದರ ೧೨ ಅಂಕಿಗಳಲ್ಲಿ ಕೊನೆಯದು ಉಳಿದವನ್ನು ಪರೀಕ್ಷಿಸುವ ಅಂಕಿ. ಅದನ್ನು ಗಣಿಸುವ ಕ್ರಮವನ್ನು ಡಚ್ ಗಣಿತಜ್ಞನಾದ ವರ್ಹೂಫನು ೧೯೬೯ರಲ್ಲಿ ಪ್ರಕಟಿಸಿದನು. ಸಮಪಂಚಭುಜವನ್ನು ಅದು ಇದ್ದಂತೆಯೇ ಕೂರುವ ಹಾಗೆ ಐದು ಬಗೆಯಾಗಿ ತಿರುಗಿಸಬಹುದು, ಐದು ಬಗೆಯಾಗಿ ಮಗುಚಬಹುದು. ಈ ಹತ್ತು ಚಲನೆಗಳ ಸಂಕುಲವೇ ಆ ಕ್ರಮದ ಬುನಾದಿ. ತಿರುಗಿಸಿ ಮಗುಚುವುದೂ ಮಗುಚಿ ತಿರುಗಿಸುವುದೂ ಒಂದಲ್ಲ. ಈ ಗುಣವನ್ನೂ ಅಂಕಿಗಳ ಸ್ಥಾನಪಲ್ಲಟವನ್ನೂ ಕೂಡಿಸಿ ಬಳಸಿದುದರಿಂದ, ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಭಿನ್ನ ಅಂಕಿಗಳು ಹಿಂದುಮುಂದಾದರೂ ದೋಷವು ಹೊರಬೀಳುವುದು. ನಿಷ್ಫಲವೆನಿಸಿದ ಶಾಸ್ತ್ರವು ಮನೆಮನೆಯ ಪೆಟ್ಟಿಗೆಯಲ್ಲಿ ಕುಳಿತಿದೆ.

ಎರಡನೆಯ ಪಕ್ಷವು ಸ್ವಾಭಿಮಾನದ ವೇಷದಲ್ಲಿ ಬರುವುದರಿಂದ ಹೆಚ್ಚು ಅಪಾಯಕರವಾದುದು. ವರ್ಗಪ್ರಕೃತಿಯ ಎರಡು ಉತ್ತರಗಳನ್ನು ಸೇರಿಸಿ ಮೂರನೆಯದನ್ನು ಪಡೆಯುವ, ಭಾವನೆಯೆಂದು ಪ್ರಸಿದ್ಧವಾದ ಕ್ರಮವನ್ನು ಬ್ರಹ್ಮಗುಪ್ತನು ಕ್ರಿ. ಶ. ೬೨೮ರಲ್ಲಿಯೇ ಹೇಳಿದನು. ಅದು ಸಂಕುಲದ ಸಂಯೋಗವೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಸಂಯೋಗವನ್ನು ಬಳಸುವುದು ಬೇರೆ, ಸಂಯೋಗದ ನಿಯಮಗಳನ್ನೇ ಪ್ರಮೇಯವನ್ನಾಗಿ ಇರಿಸಿಕೊಂಡು ವಿಚಾರಿಸುವುದು ಬೇರೆ. ಸಮೀಕರಣದ ಮೂಲಗಳನ್ನು ಅದಲುಬದಲು ಮಾಡುವ ಕ್ರಿಯೆಗಳನ್ನೇ ಪರೀಕ್ಷಿಸಿ ಈ ಎರಡನೆಯ ದಾರಿಯನ್ನು ತೆರೆದವರಲ್ಲಿ ಪ್ರಮುಖನು, ೧೮೩೨ರಲ್ಲಿ ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಮಡಿದ ಫ್ರಾನ್ಸಿನ ಗಾಲ್ವಾ.

ಈ ವಿಚಾರವಿಲ್ಲದಿದ್ದರೆ ಆಗುವ ಹಾನಿಗೆ ಉದಾಹರಣೆಯು ಕನ್ನಡನಾಡಿನಲ್ಲಿಯೇ ಉಂಟು. ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ, ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೆಂದೂ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆಂದೂ ಹೇಳಿದನು. ಐದನ್ನು ಸೊನ್ನೆಯಿಂದ ಭಾಗಿಸಿ ಐದೇ ಬಂದರೆ, ಐದನ್ನು ಸೊನ್ನೆಯಿಂದ ಗುಣಿಸಿ ಐದೇ ಬರಬೇಕು. ಅವನ ಮೊದಲನೆಯ ಮಾತೇ ಅದನ್ನು ನಿಷೇಧಿಸುವುದು. ಇದನ್ನು ಹೇಳುವುದು ಆಚಾರ್ಯನಿಂದೆಯಲ್ಲ. ಪೂರ್ವಾಚಾರ್ಯರ ಮತವನ್ನು ಪೂರ್ವಪಕ್ಷವಾಗಿರಿಸಿ ಪರೀಕ್ಷಿಸುವುದೇ ಶಾಸ್ತ್ರಮರ್ಯಾದೆ. ಪರೀಕ್ಷಿಸದೆ ಕೊಂಡಾಡುವುದು ಭಟ್ಟಂಗಿತನವು.

ಕನ್ನಡದಲ್ಲಿ ಬಾರದೆಂಬ ಮಾತಿಗೆ ರಾಜಾದಿತ್ಯನೇ ಉತ್ತರ. ಹನ್ನೆರಡನೆಯ ಶತಮಾನದಲ್ಲಿ ಅವನು ವ್ಯವಹಾರಗಣಿತವನ್ನು ಕನ್ನಡದಲ್ಲಿ ರಚಿಸಿದನು. ಕಿಟ್ಟೆಲರ ಬೃಹತ್ ನಿಘಂಟು ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದಲೇ ಹೊರಬಂದಿತು. ಅಂತಹ ಊರು ಶಬ್ದದಾರಿದ್ರ್ಯವನ್ನು ನೆಪಮಾಡುವುದು ನಗೆಗೇಡು. ಸಂಕುಲ, ವಲಯ, ಕ್ಷೇತ್ರಗಳು ರುಚಿಸದಿದ್ದರೆ ಗ್ರೂಪು, ರಿಂಗು, ಫೀಲ್ಡು ಎಂದೇ ಕನ್ನಡ ವಾಕ್ಯದಲ್ಲಿ ಹೇಳಲಿ. ಕೊರತೆಯಿರುವುದು ಶಬ್ದಗಳಿಗಲ್ಲ, ವಿವರಣೆಗೆ.

ಈ ಕೊರತೆಯ ಫಲವನ್ನು ಉಣ್ಣುವವರು ಮಕ್ಕಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಲೆಕ್ಕ ಕಲಿತ ಜಾಣರು ಪದವಿ ತರಗತಿಯಲ್ಲಿ ಇಂಗ್ಲಿಷಿನ ಲಕ್ಷಣವಾಕ್ಯಗಳನ್ನು ಉರುಹೊಡೆದು, ಪರೀಕ್ಷೆ ಮುಗಿದೊಡನೆ ಮರೆತು, ಗಣಿತವು ತಮಗೆ ಒಲಿಯದ ವಿದ್ಯೆಯೆಂದು ನಂಬಿಬಿಡುತ್ತಾರೆ. ದೋಷವು ಅವರ ಬುದ್ಧಿಯದಲ್ಲ. ವಾರವೇಕೆ ಕ್ಷೇತ್ರ, ರಾಶಿಯೇಕೆ ಅಲ್ಲ ಎಂದು ಅವರಿಗೆ ತಾಯ್ನುಡಿಯಲ್ಲಿ ಒಮ್ಮೆಯಾದರೂ ಹೇಳದವರದು. ಅಧ್ಯಾಪಕರೂ ಸಾಹಿತ್ಯಸಂಘಗಳೂ ಕಥೆ ಕವಿತೆಗಳಿಗೆ ಕೊಡುವ ಆದರದಲ್ಲಿ ಒಂದು ಪಾಲನ್ನು ಈ ಕಾರ್ಯಕ್ಕೆ ಕೊಡಲಿ. ಶಾಸ್ತ್ರವನ್ನು ಹೊರಗಿಟ್ಟ ಸಾಹಿತ್ಯವು ಅರ್ಧಸಾಹಿತ್ಯವೇ.