ತುಳಿದವರ ಭಾಷೆ, ತುಳಿಸಿಕೊಂಡವರ ಹಾಡು

ಆಫ್ರಿಕಾನ್ಸ್ ಭಾಷೆಯ ರೆಗೇ ಹಾಡು ಕೇಳಿದ್ದೀರಾ? ರೆಗೇ ಹುಟ್ಟಿದ್ದು ಜಮೈಕಾದಲ್ಲಿ. ಅದರ ಜತೆ ಸೇರುವ ಜೈವ್ ಲಯ ದಕ್ಷಿಣ ಆಫ್ರಿಕಾದ ಕಪ್ಪು ಜನರ ಟೌನ್‌ಶಿಪ್‌ಗಳದ್ದು. ಭಾಷೆ ಮಾತ್ರ ಅದೇ ಜನರನ್ನು ತುಳಿದ ಸರ್ಕಾರದ್ದು. ಅಸೈನ್‌ಮೆಂಟ್ ಬರೆಯುವಾಗ ಇಯರ್‌ಫೋನ್ ಬೇಕೇ ಬೇಕು ಎನ್ನುವ ನನಗೆ ಈ ಬೆರಕೆ ಇಷ್ಟವಾಯಿತು. ಜತೆಗೆ ಪ್ರಶ್ನೆಯೂ ಹುಟ್ಟಿತು: ದಬ್ಬಾಳಿಕೆಯ ಭಾಷೆಯಲ್ಲಿ ಬಿಡುಗಡೆಯ ಹಾಡೇ?

ಪ್ರಶ್ನೆಗೆ ಕಾರಣವಿದೆ. ಕಪ್ಪು ಮಕ್ಕಳ ಶಾಲೆಗಳಲ್ಲಿ ಅರ್ಧದಷ್ಟು ವಿಷಯಗಳನ್ನು ಆಫ್ರಿಕಾನ್ಸ್‌ನಲ್ಲೇ ಕಲಿಸಬೇಕೆಂದು ವರ್ಣಭೇದದ ಸರ್ಕಾರ 1974ರಲ್ಲಿ ಆದೇಶಿಸಿತು. 1976ರ ಜೂನ್ 16ರಂದು ಸೊವೆಟೊದ ವಿದ್ಯಾರ್ಥಿಗಳು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. 12 ವರ್ಷದ ಹೆಕ್ಟರ್ ಪೀಟರ್ಸನ್ ಸತ್ತ. ಆ ಭಾಷೆಯನ್ನು ದ್ವೇಷಿಸುವ ಹಕ್ಕು ಅಲ್ಲಿನವರಿಗಿದೆ.

ಆದರೆ ಆಫ್ರಿಕಾನ್ಸ್ ಬಿಳಿಯರ ಮನೆಯಲ್ಲಷ್ಟೇ ಬೆಳೆದದ್ದಲ್ಲ. ಡಚ್ಚರು ಕೇಪ್‌ಗೆ ತಂದ ಭಾಷೆ ಅಲ್ಲಿನ ಖೋಯ್ ಜನರ ಬಾಯಲ್ಲಿ, ಇಂಡೊನೇಷ್ಯಾದಿಂದ, ನಮ್ಮ ಬಂಗಾಳ–ಮಲಬಾರ್ ಕಡೆಯಿಂದ ಹಿಡಿದೊಯ್ದ ಗುಲಾಮರ ಬಾಯಲ್ಲಿ ಬದಲಾಗುತ್ತಾ ಹೋಯಿತು. 19ನೇ ಶತಮಾನದಲ್ಲಿ ಕೇಪ್‌ಟೌನಿನ ಮುಸ್ಲಿಮರು ಅದನ್ನು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು. ಇಂದಿಗೂ ಅದನ್ನು ಮನೆಮಾತಾಗಿ ಆಡುವವರಲ್ಲಿ ಬಿಳಿಯರಲ್ಲದವರೇ ಹೆಚ್ಚು.

ಸಂಗೀತಗಾರರಿಗೆ ಇದು ಎಂದೋ ಗೊತ್ತಿತ್ತು. ಟೌನ್‌ಶಿಪ್ ಜೈವ್‌ನ ಒಂದು ಬಗೆಗೆ ‘ಎಂಬಕಾಂಗ’ ಎನ್ನುತ್ತಾರೆ. ಝುಲು ಭಾಷೆಯಲ್ಲಿ ಅದರರ್ಥ ಮುಸುಕಿನ ಜೋಳದ ಗಂಜಿ, ಅಂದರೆ ದಿನದ ಊಟ. ಇದರಲ್ಲಿ ಬೇಸ್ ಗಿಟಾರ್ ಓಡುತ್ತಲೇ ಇರುತ್ತದೆ. ರೆಗೇಯಲ್ಲಿ ಗಿಟಾರ್ ತಾಳದ ಪೆಟ್ಟಿಗೆ ಬೀಳದೆ ಎರಡು ಪೆಟ್ಟುಗಳ ನಡುವೆ ಬೀಳುತ್ತದೆ. ಹಾಡನ್ನು ಹೊರುವುದು ಬೇಸ್. ಎರಡರಲ್ಲೂ ಬೇಸೇ ಬೆನ್ನೆಲುಬಾದ್ದರಿಂದ ಕೂಡಿಕೆ ಸಲೀಸು. ಎಂಬಕಾಂಗದಿಂದ ಶುರುಮಾಡಿ ರೆಗೇಗೆ ಹೊರಳಿದ ಲಕಿ ಡೂಬೆ ಝುಲು, ಇಂಗ್ಲಿಷ್‌ ಜತೆಗೆ ಆಫ್ರಿಕಾನ್ಸ್‌ನಲ್ಲೂ ಹಾಡಿದರು. 1984ರ ಅವರ ಮೊದಲ ರೆಗೇ ಆಲ್ಬಂ ಅನ್ನು ಸರ್ಕಾರ ನಿಷೇಧಿಸಿತ್ತು ಎಂಬುದನ್ನು ನೆನೆದರೆ, ಅವರು ಅಧಿಕಾರವನ್ನು ಓಲೈಸಲು ಆ ಭಾಷೆ ಬಳಸಿದರು ಎನ್ನಲಾಗದು.

ಈಗ ಜಗಳ ಮತ್ತೆ ಶಾಲೆಗೆ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ರಾಮಫೋಸ ಸಹಿ ಹಾಕಿದ ‘ಬೆಲಾ’ ಕಾಯ್ದೆ, ಶಾಲೆಯ ಕಲಿಕಾ ಭಾಷೆಯ ಬಗ್ಗೆ ಕೊನೆಯ ಮಾತನ್ನು ಆಡಳಿತ ಮಂಡಳಿಯಿಂದ ಪ್ರಾಂತ್ಯದ ಶಿಕ್ಷಣ ಇಲಾಖೆಗೆ ಕೊಟ್ಟಿದೆ. ಭಾಷೆಯ ನೆಪದಲ್ಲಿ ಕಪ್ಪು ಮಕ್ಕಳನ್ನು ಹೊರಗಿಡಲಾಗುತ್ತಿದೆ ಎಂಬುದು ಸರ್ಕಾರದ ವಾದ. ನಮ್ಮ ಭಾಷೆಯ ಶಾಲೆಗಳೇ ಉಳಿಯುವುದಿಲ್ಲ ಎಂಬುದು ವಿರೋಧಿಗಳ ಭಯ.

ನನಗನ್ನಿಸುವುದು, ಹತ್ತಿರದಲ್ಲಿ ಶಾಲೆ ಇದ್ದೂ ಭಾಷೆಯ ಕಾರಣಕ್ಕೆ ಮಗು ಗೇಟಿನಾಚೆ ನಿಲ್ಲಬಾರದು. ಅಷ್ಟರಮಟ್ಟಿಗೆ ಕಾಯ್ದೆ ಸರಿ. ಆದರೆ ಆಫ್ರಿಕಾನ್ಸ್ ಎಂದರೆ ಬಿಳಿಯರ ಶಾಲೆ ಎಂದಷ್ಟೇ ಲೆಕ್ಕ ಹಾಕಿದರೆ, ಕೇಪ್‌ನ ಬಡ ಬಡಾವಣೆಯಲ್ಲಿ ಅದೇ ಮನೆಮಾತಾಗಿರುವ ಮಗುವಿನ ಗತಿ ಏನು? ಅದೂ ತಾಯ್ನುಡಿಯೇ ಅಲ್ಲವೇ? 1976ರ ಮಕ್ಕಳು ಎದುರಿಸಿದ್ದು ಹೇರಿಕೆಯನ್ನು. ಇಲಾಖೆಗೆ ಸಿಕ್ಕ ಹೊಸ ಅಧಿಕಾರ ಇನ್ನೊಂದು ಹೇರಿಕೆಯಾಗದಂತೆ ನೋಡಿಕೊಳ್ಳುವುದೇ ಅವರಿಗೆ ಸಲ್ಲಿಸುವ ಗೌರವ.