ಇನ್‌ಸ್ಟಾಲ್ ಗುಂಡಿಯ ಹಿಂದೆ ಎಂತ ಉಂಟು?

ಮೊಬೈಲಿಗೆ ಆ್ಯಪ್ ಹಾಕುವುದನ್ನು ನಮ್ಮ ಹೈಸ್ಕೂಲು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಗುಂಡಿ ಒತ್ತುತ್ತಾರೆ, ಒಂದು ಗೆರೆ ತುಂಬುತ್ತದೆ, ಕೆಲಸ ಮುಗಿಯಿತು. ಆದರೆ "ಆ ಗೆರೆ ತುಂಬುವಾಗ ಒಳಗೆ ಎಂತ ಆಯ್ತು? ಎಲ್ಲಿಂದ ಬಂತು, ಎಲ್ಲಿ ಹೋಗಿ ಕೂತಿತು?" ಅಂತ ಕೇಳಿ ನೋಡಿ. ಕ್ಲಾಸು ಸುಮ್ಮನಾಗುತ್ತದೆ. ಇದು ಮಕ್ಕಳ ತಪ್ಪಲ್ಲ. ಈಗಿನ ಉಪಕರಣಗಳನ್ನು ಮಾಡಿರುವುದೇ ಒಳಗಿನದ್ದು ಕಾಣದ ಹಾಗೆ. ಬಳಸುವವರಿಗೆ ಅದು ಸಾಕು, ವಿಜ್ಞಾನ ಕಲಿಸುವ ನಮಗೆ ಸಾಲದು. ಜೀವಕೋಶ ತೋರಿಸಲು ನಮ್ಮಲ್ಲಿ ಮೈಕ್ರೋಸ್ಕೋಪ್ ಉಂಟು. ಸಾಫ್ಟ್‌ವೇರ್ ತೋರಿಸಲು ಏನುಂಟು?

ನನ್ನ ಅಭಿಪ್ರಾಯ ಇಷ್ಟೇ: ಅದಕ್ಕೆ ಒಪ್ಪುವ ಉಪಕರಣ ನಲ್ವತ್ತು ವರ್ಷ ಹಿಂದಿನ ಮನೆ ಕಂಪ್ಯೂಟರ್. ಹಳೆಯದರ ಮೇಲಿನ ಪ್ರೀತಿಯಿಂದ ಹೇಳುವುದಲ್ಲ. ಅದು ನಿಧಾನ, ಆದ್ದರಿಂದ ನಡೆಯುವುದೆಲ್ಲ ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ.

ಬಿಬಿಸಿ ಮೈಕ್ರೋವನ್ನೇ ಉದಾಹರಣೆಗೆ ತೆಗೆದುಕೊಳ್ಳುವ. ಜನರಿಗೆ ಟಿವಿಯಲ್ಲಿ ಕಂಪ್ಯೂಟರ್ ಕಲಿಸಬೇಕೆಂದು ಹೊರಟ ಬಿಬಿಸಿಗಾಗಿ ಕೇಂಬ್ರಿಜ್‌ನ ಏಕಾರ್ನ್ ಕಂಪೆನಿ 1981ರಲ್ಲಿ ಮಾಡಿದ ಯಂತ್ರ ಇದು. ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮುಂದೆ ಎಆರ್‌ಎಂ ಪ್ರೊಸೆಸರನ್ನೂ ರೂಪಿಸಿದರು; ಅದರ ಸಂತತಿಯೇ ಇವತ್ತು ನಮ್ಮ ಕಿಸೆಯ ಮೊಬೈಲಿನಲ್ಲಿರುವುದು. ಬಿಬಿಸಿ ಮೈಕ್ರೋದ ವೇಗ 2 ಮೆಗಾಹರ್ಟ್ಸ್, ಮಾಡೆಲ್ ಬಿ ಯಂತ್ರದ ಮೆಮೊರಿ 32 ಕಿಲೋಬೈಟ್. ಭಾರತಕ್ಕೂ ಇದು ಹೊಸದಲ್ಲ. 1984ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಕ್ಲಾಸ್’ ಯೋಜನೆಯಲ್ಲಿ ಮೊದಲಿಗೆ ಸುಮಾರು 250 ಶಾಲೆಗಳಿಗೆ ಬಂದದ್ದು ಇದೇ ಯಂತ್ರ.

ಇದಕ್ಕೆ ಸಾಫ್ಟ್‌ವೇರ್ ಹಾಕುವುದು ಹೇಗೆ? ಸಾಮಾನ್ಯ ಟೇಪ್ ರೆಕಾರ್ಡರ್, ಸಾಮಾನ್ಯ ಕ್ಯಾಸೆಟ್. ‘ಚೈನ್’ ಎಂಬ ಆಜ್ಞೆ ಟೈಪ್ ಮಾಡಿ ಪ್ಲೇ ಒತ್ತಬೇಕು. ಕ್ಯಾಸೆಟ್‌ನಲ್ಲಿರುವುದು ಕೀಚಲು ಶಬ್ದ. 1200 ಹರ್ಟ್ಸ್‌ನ ಒಂದು ಪೂರ್ಣ ಅಲೆ ಬಂದರೆ ಅದು ಸೊನ್ನೆ, 2400 ಹರ್ಟ್ಸ್‌ನ ಎರಡು ಅಲೆ ಬಂದರೆ ಒಂದು. ಎರಡಕ್ಕೂ ಹಿಡಿಯುವ ಸಮಯ ಒಂದೇ, ಸೆಕೆಂಡಿನ 1200ನೇ ಒಂದು ಭಾಗ. ಶಬ್ದದ ಪಾಠದಲ್ಲಿ ಆವೃತ್ತಿ ಎಂದು ನಾವು ಬೋರ್ಡಿನಲ್ಲಿ ಬರೆಯುವುದು ಇಲ್ಲಿ ಕೆಲಸ ಮಾಡುತ್ತಿರುತ್ತದೆ. ಲ್ಯಾಬಿನ ಕಂಪ್ಯೂಟರಿನಲ್ಲಿ ಆಡಾಸಿಟಿ ಇದ್ದರೆ ಆ ಶಬ್ದವನ್ನು ಹಾಕಿ ಅಲೆಗಳನ್ನು ಹಿಗ್ಗಿಸಿ ನೋಡಬಹುದು; ಸೊನ್ನೆ ಒಂದುಗಳನ್ನು ಮಕ್ಕಳೇ ಓದಿ ಹೇಳುತ್ತಾರೆ.

ಪ್ರೋಗ್ರಾಮ್ ಬರುವುದು 256 ಬೈಟುಗಳ ಕಂತುಗಳಲ್ಲಿ. ಪ್ರತಿ ಕಂತಿನ ಜೊತೆಗೆ ಒಂದು ತಾಳೆ ಸಂಖ್ಯೆ ಇರುತ್ತದೆ. ಬಂದ ಬೈಟುಗಳಿಂದ ಯಂತ್ರವೂ ಅದೇ ಲೆಕ್ಕ ಮಾಡಿ ನೋಡುತ್ತದೆ. ತಾಳೆಯಾಗದಿದ್ದರೆ ಪರದೆಯಲ್ಲಿ ‘ಡೇಟಾ?’ ಎಂದು ಕೇಳಿ, ಟೇಪ್ ಹಿಂದಕ್ಕೆ ಸುತ್ತಲು ಹೇಳುತ್ತದೆ. ಇಂದಿನ ಡೌನ್‌ಲೋಡ್‌ನಲ್ಲೂ ಇಂಥ ತಾಳೆ ನಡೆಯುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ. ಇನ್ನೊಂದು ದಾರಿಯೂ ಇತ್ತು. ಮುಚ್ಚಳ ಬಿಚ್ಚಿ, ವರ್ಡ್‌ವೈಸ್‌ನಂಥ ಬರವಣಿಗೆಯ ತಂತ್ರಾಂಶ ತುಂಬಿದ ಚಿಪ್ಪನ್ನು ಖಾಲಿ ಸಾಕೆಟ್ಟಿಗೆ ಒತ್ತುವುದು. ಇನ್‌ಸ್ಟಾಲ್ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಅರ್ಥ ಬೇಕೇ? ಕ್ಯಾಸೆಟ್‌ನಿಂದ ಬಂದದ್ದು ಸ್ವಿಚ್ ಆರಿಸಿದರೆ ಹೋಯಿತು, ಚಿಪ್ಪಿನಲ್ಲಿರುವುದು ಉಳಿಯಿತು. ರ‍್ಯಾಮ್, ರಾಮ್ ವ್ಯತ್ಯಾಸಕ್ಕೆ ಬೇರೆ ನೋಟ್ಸ್ ಬೇಡ.

ಈಗ ಒಂದು ಲೆಕ್ಕ. ಒಂದು ಬೈಟಿಗೆ ಆರಂಭ, ಅಂತ್ಯದ ಗುರುತು ಸೇರಿ 10 ಬಿಟ್. ಅಂದರೆ ಸೆಕೆಂಡಿಗೆ 120 ಬೈಟ್. 20 ಕಿಲೋಬೈಟಿನ ಆಟವೊಂದು ಬರಲು ಕಡಿಮೆಯೆಂದರೂ ಮೂರು ನಿಮಿಷ. ಇದೇ ವೇಗದಲ್ಲಿ 50 ಮೆಗಾಬೈಟಿನ ಆ್ಯಪ್ ಹಾಕಲು ಎಷ್ಟು ಹೊತ್ತು ಬೇಕು? ಹೆಚ್ಚುಕಡಿಮೆ ಐದು ದಿನ, ಹಗಲೂ ರಾತ್ರಿಯೂ. ಈ ಒಂದು ಲೆಕ್ಕ ಮಾಡಿದ ಮಗುವಿಗೆ ‘ಎಂಬಿ’ ಎಂಬುದು ರೀಚಾರ್ಜಿನ ಪದ ಮಾತ್ರವಾಗಿ ಉಳಿಯುವುದಿಲ್ಲ.

ಆನ್‌ಲೈನ್ ಹೋಗುವುದೂ ಆಗಲೇ ಇತ್ತು. ಬ್ರಿಟನ್ನಿನಲ್ಲಿ 1979ರಲ್ಲಿ ಆರಂಭವಾದ ಪ್ರೆಸ್ಟೆಲ್ ಸೇವೆಗೆ ಮೋಡೆಮ್ ಹಚ್ಚಿ ಟೆಲಿಫೋನಿನ ಮೂಲಕ ಹೋಗುತ್ತಿದ್ದರು. ಬರುವ ದಾರಿಯ ವೇಗ ಸೆಕೆಂಡಿಗೆ 1200 ಬಿಟ್, ಹೋಗುವ ದಾರಿಯದ್ದು ಬರೀ 75. ಓದುವುದು ಹೆಚ್ಚು, ಬರೆಯುವುದು ಕಡಿಮೆ ಎಂಬ ಲೆಕ್ಕಾಚಾರ. ಇನ್ನೂ ಚಂದದ್ದು, 1983ರಿಂದ 1989ರವರೆಗೆ ಬಿಬಿಸಿ ತನ್ನ ಸೀಫ್ಯಾಕ್ಸ್ ಟೆಲಿಟೆಕ್ಸ್ಟ್ ಸೇವೆಯಲ್ಲಿ, ಟಿವಿ ಚಿತ್ರದ ಜೊತೆಗೇ ಪ್ರೋಗ್ರಾಮುಗಳನ್ನೂ ಗಾಳಿಯಲ್ಲಿ ಕಳಿಸುತ್ತಿತ್ತು. ಒಂದು ಅಡಾಪ್ಟರ್ ಇದ್ದರೆ ಆಂಟೆನಾದಿಂದಲೇ ಸಾಫ್ಟ್‌ವೇರ್!

ಈಗ ಅದೇ ಯಂತ್ರವನ್ನು ಇಂಟರ್ನೆಟ್ಟಿಗೆ ಸೇರಿಸಬಹುದೇ? ಸೇರಿಸಬಹುದು. ಹಿಂಬದಿಯ ಸೀರಿಯಲ್ ಸಾಕೆಟ್ಟಿಗೆ ಇಎಸ್‌ಪಿ 8266 ಎಂಬ ಪುಟ್ಟ ವೈಫೈ ಬೋರ್ಡ್ ಬಳಸಿ ಮಾಡಿದ ಮೋಡೆಮ್ ಜೋಡಿಸುತ್ತಾರೆ. ಹಳೆ ಮೋಡೆಮ್ಮಿನ ಆಜ್ಞೆಗಳಿಗೇ ಅದು ಉತ್ತರ ಕೊಡುತ್ತದೆ. ಕಂಪ್ಯೂಟರಿಗೆ ತಾನು ಫೋನ್ ಮಾಡುತ್ತಿದ್ದೇನೆ ಎಂದೇ ಲೆಕ್ಕ. ಬರೀ ಅಕ್ಷರಗಳ ಟೆಲ್ನೆಟ್ ಸೇವೆಗಳು ಹೀಗೆ ಸಿಗುತ್ತವೆ. ಆದರೆ ಬೀಗದ ಗುರುತಿನ ಸುರಕ್ಷಿತ ಜಾಲತಾಣಗಳನ್ನು ತಾನೇ ತೆರೆಯುವುದು ಅದರ ಕೈಲಾಗದ ಕೆಲಸ. ಗೂಢಲಿಪೀಕರಣದ ಗಣಿತಕ್ಕೆ ಅಷ್ಟು ಶಕ್ತಿ ಬೇಕು. ಮನೆಯ ಹಳೆ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಯಾಕೆ ಓಡುವುದಿಲ್ಲ ಎಂದು ಕೇಳುವ ಮಗುವಿಗೆ ಉತ್ತರದ ಒಂದು ಭಾಗ ಇಲ್ಲಿ ಸಿಕ್ಕಿತು.

"ಇದೆಲ್ಲ ಗೊತ್ತಾಗಿ ಏನಾಗಬೇಕು ಮಾಸ್ಟ್ರೇ?" ಎನ್ನುವವರಿದ್ದಾರೆ. ಎರಡು ಕಾರಣ ಹೇಳುತ್ತೇನೆ.

ಮೊದಲನೆಯದ್ದು ಮನೆಯ ದುಡ್ಡು. ಮದುವೆ ಕಾಗದ, ಟ್ರಾಫಿಕ್ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪಿಗೆ ಎಪಿಕೆ ಫೈಲ್ ಕಳಿಸಿ ಖಾತೆ ಬರಿದು ಮಾಡುವ ಮೋಸ ನಮಗೆಲ್ಲ ಗೊತ್ತೇ ಉಂಟು. "ಒತ್ತಬೇಡಿ" ಎಂಬ ಎಚ್ಚರಿಕೆ ಬೇಗ ಮರೆತುಹೋಗುತ್ತದೆ. ಪ್ರೋಗ್ರಾಮ್ ಎಂದರೆ ಯಾರೋ ಬರೆದ ಆಜ್ಞೆಗಳ ಸಾಲು, ಒಳಗೆ ಬಿಟ್ಟರೆ ಅವರು ಹೇಳಿದ ಹಾಗೆ ಯಂತ್ರ ಕುಣಿಯುತ್ತದೆ ಎಂದು ಕಣ್ಣಾರೆ ಕಂಡ ಮಗು ಮರೆಯುವುದಿಲ್ಲ. ಅಪ್ಪ ಅಮ್ಮನ ಕೈಯನ್ನೂ ಅದೇ ಮಗು ತಡೆಯುತ್ತದೆ. ಎಷ್ಟೋ ಮನೆಗಳಲ್ಲಿ ಫೋನಿನ ಮಟ್ಟಿಗೆ ದೊಡ್ಡವರು ಈ ಮಕ್ಕಳೇ ಅಲ್ಲವೇ?

ಎರಡನೆಯದ್ದು ಕನ್ನಡ. ಬಿಬಿಸಿ ಮೈಕ್ರೋಗೆ ಕನ್ನಡ ಗೊತ್ತಿರಲಿಲ್ಲ, ಆದರೆ ಕಲಿಸಬಹುದಿತ್ತು. ಎಂಟು ಚೌಕ ಅಗಲ, ಎಂಟು ಚೌಕ ಎತ್ತರದ ಗ್ರಾಫಿನಲ್ಲಿ ಅಕ್ಷರ ಬಿಡಿಸಿ, ಪ್ರತಿ ಸಾಲನ್ನು ದ್ವಿಮಾನ ಸಂಖ್ಯೆಯಾಗಿ ಓದಿ, ಎಂಟು ಸಂಖ್ಯೆ ಕೊಟ್ಟರೆ ಆಯಿತು. ‘ಮೋಡ್ 4’ ಕೊಟ್ಟು, ನಂತರ ‘ವಿಡಿಯು 23,224,1,126,36,66,129,129,66,60’ ಎಂದು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಟೈಪ್ ಮಾಡಿ. ಆಮೇಲೆ ‘ವಿಡಿಯು 224’ ಎಂದರೆ ‘ರ’ ಮೂಡುತ್ತದೆ. ಎರಡು ಕಡೆ ಇರುವ 129ನ್ನು 153 ಮಾಡಿದರೆ ನಡುವೆ ಚುಕ್ಕೆ ಬಂದು ಅದೇ ‘ಠ’ ಆಗುತ್ತದೆ. ಗ್ರಾಫ್ ಹಾಳೆ, ಪೆನ್ಸಿಲ್ ಇದ್ದರೆ ಆರನೇ ಕ್ಲಾಸಿನವರೂ ಮಾಡುತ್ತಾರೆ.

ಈ ಪಾಠ ಗಡಿನಾಡಿನ ಮಕ್ಕಳಿಗೆ ಬಹಳ ಮುಖ್ಯ. ಕನ್ನಡ ಇಲ್ಲದ ಅರ್ಜಿ, ಕನ್ನಡದ ಜಾಗದಲ್ಲಿ ಖಾಲಿ ಚೌಕ ತೋರಿಸುವ ಪರದೆ ಇವರಿಗೆ ದಿನನಿತ್ಯದ್ದು. ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ ಎಂದು ಅವರು ನಂಬಿ ಬಿಡುತ್ತಾರೆ. ಅಕ್ಷರ ಎಂಬುದು ಯಾರೋ ಕೂತು ನಿಶ್ಚಯಿಸಿದ ಸಂಖ್ಯೆ ಎಂದು ಗೊತ್ತಿದ್ದವರು ಹಾಗೆ ನಂಬುವುದಿಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ವಿಭಾಗ ಮೀಸಲಿದೆ, ಪರದೆಯಲ್ಲಿ ಚೌಕ ಕಂಡರೆ ಸಾಮಾನ್ಯವಾಗಿ ಇಲ್ಲದಿರುವುದು ಫಾಂಟ್ ಮಾತ್ರ ಎಂದು ಅವರಿಗೆ ತಿಳಿಯುತ್ತದೆ. ಆಗ ಫಾಂಟ್ ಹಾಕಿಕೊಳ್ಳುತ್ತಾರೆ, ಇಲ್ಲವೇ "ಕನ್ನಡ ಯಾಕೆ ಹಾಕಿಲ್ಲ?" ಎಂದು ಕೇಳುತ್ತಾರೆ.

ಒಳ್ಳೆ ಕಂಪ್ಯೂಟರೇ ಸಾಲದಿರುವಾಗ ಹಳೆ ಸಾಮಾನು ಯಾಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಪಾಠ ಮುಗಿಸಲು ಸಮಯ ಸಾಲದು ಎಂಬುದೂ ಹೌದು. ಆದ್ದರಿಂದ ಎಲ್ಲ ಶಾಲೆಗೂ ಒಂದೊಂದು ಬೇಕು ಎಂದು ನಾನು ಹೇಳುವುದಿಲ್ಲ. ಒಂದು ತಾಲೂಕಿಗೆ ಅಥವಾ ಉಪಜಿಲ್ಲೆಗೆ ಒಂದು ಯಂತ್ರ ಸಾಕು, ವಿಜ್ಞಾನ ಮೇಳಕ್ಕೆ ಅದು ತಿರುಗಾಡಲಿ. ಅದೂ ಸಿಗದಿದ್ದರೆ ಜೆಎಸ್‌ಬೀಬ್‌ನಂಥ ಎಮ್ಯುಲೇಟರ್ ಬ್ರೌಸರಿನಲ್ಲೇ ಓಡುತ್ತದೆ; ಮೇಲೆ ಕೊಟ್ಟ ‘ರ’, ‘ಠ’ ಅದರಲ್ಲಿ ಬರೆಯಬಹುದು. ಎರಡು ಪಿರಿಯಡ್ ಕೊಟ್ಟರೆ ಆಯಿತು. ಕಾಸರಗೋಡಿನ ಶಾಲೆಗಳಲ್ಲಿ ಲಿಟ್ಲ್ ಕೈಟ್ಸ್ ಕ್ಲಬ್ಬಿಗೆ ಇದು ಒಳ್ಳೆಯ ಕೆಲಸ. ತಾಳವಾಡಿ, ಅಕ್ಕಲಕೋಟೆಯ ಮಿತ್ರರು ವಿಜ್ಞಾನ ಸಂಘದಲ್ಲಿ ಮಾಡಬಹುದು.

ಒಂದು ಎಚ್ಚರಿಕೆ. ಅಟ್ಟದಿಂದ ಇಳಿಸಿದ ಹಳೆ ಯಂತ್ರವನ್ನು ನೇರ ಕರೆಂಟಿಗೆ ಹಾಕಬೇಡಿ. ಬಿಬಿಸಿ ಮೈಕ್ರೋದ ಪವರ್ ಸಪ್ಲೈಯಲ್ಲಿರುವ ಹಳೆ ಕೆಪಾಸಿಟರುಗಳು ಬಿರುಕು ಬಿಟ್ಟು ಹೊಗೆ ಕಾರುವುದು ಪ್ರಸಿದ್ಧ. ಬಲ್ಲ ರಿಪೇರಿಯವರಿಂದ ಅವನ್ನು ಬದಲಿಸಿದ ಮೇಲೆಯೇ ಸ್ವಿಚ್. ಹಳೆ ಪಿಕ್ಚರ್ ಟ್ಯೂಬ್ ಟಿವಿಯ ಒಳಗೆ ಮಕ್ಕಳು ಕೈ ಹಾಕಲೇಬಾರದು.

ಮುಂದಿನ ಸಲ ಶಾಲೆಯ ಇ-ತ್ಯಾಜ್ಯದ ಪಟ್ಟಿಗೆ ಸಹಿ ಹಾಕುವ ಮೊದಲು ಅದನ್ನೊಮ್ಮೆ ಓದಿ ನೋಡಿ. ಟೇಪ್ ರೆಕಾರ್ಡರ್, ಹಳೆ ಮೋಡೆಮ್, ಕೀಲಿಮಣೆಯೊಳಗೇ ಕಂಪ್ಯೂಟರ್ ಇರುವ ಪೆಟ್ಟಿಗೆ ಏನಾದರೂ ಇದ್ದರೆ ಅದನ್ನು ಪಟ್ಟಿಯಿಂದ ತೆಗೆದು ಲ್ಯಾಬಿನ ಕಪಾಟಿನಲ್ಲಿಡಿ.